ಆರ್‌ಎಕ್ಸ್ 100 ಜಗ್ಗಾಟ: ಕಾರ್ಬೋರೇಟರ್ ಅಲ್ಲ ಅಂದ್ರೆ ಯಾರೂ ನಂಬ್ಲಿಲ್ಲ

ನನ್ ಗಾಡಿ 94ನೇ ಮಾಡೆಲ್ ಯಮಹಾ ಆರ್‌ಎಕ್ಸ್ 100, ಟೂ ಸ್ಟ್ರೋಕ್ ಬೈಕು. ಆಯಿಲ್ ಪಂಪು ಯಾವಾಗ್ಲೋ ತೆಗೆಸಿದೀನಿ, ಪೆಟ್ರೋಲಿಗೇ ಲೀಟರಿಗೆ 25 ಎಂಎಲ್ ಲೆಕ್ಕದಲ್ಲಿ 2ಟಿ ಆಯಿಲ್ ಹಾಕ್ಕೊಂಡು ಓಡಿಸೋದು. ಎರಡು ವರ್ಷದಿಂದ ಒಂದು ಕಾಟ ಇತ್ತು. ತಿಪಟೂರಿಂದ ಅರಸೀಕೆರೆಗೆ ಹೋಗೋವಾಗ ಆಕ್ಸಿಲೇಟರ್ ಒಂದೇ ಕಡೆ ಹಿಡ್ಕೊಂಡು 45-50ರಲ್ಲಿ ಇಟ್ರೆ ಗಾಡಿ ತಾನೇ ಮುಂದಕ್ಕೆ ಎಗರುತ್ತೆ, ತಾನೇ ಹಿಂದಕ್ಕೆ ಜಗ್ಗುತ್ತೆ, ಹಿಂದೆ ಕೂತೋರು ಏನ್ರೀ ಹೊಸದಾಗಿ ಗಾಡಿ ಕಲೀತಿದೀರಾ ಅಂತ ಕೇಳೋ ಹಂಗೆ. ಬಿಸಿ ಆದ್ಮೇಲೆ ಸಿಗ್ನಲ್ಲಲ್ಲಿ ಆಕ್ಸಿಲೇಟರ್ ಬಿಟ್ರೂ ರೇಸ್ ಇಳಿಯಲ್ಲ, ಗುಂಯ್ ಅಂತ ನಿಂತಿರುತ್ತೆ, ಆಮೇಲೆ ಇದ್ದಕ್ಕಿದ್ದಂಗೆ ಇಳಿದು ಆಫ್.

ಮೂರು ಮೇಸ್ತ್ರಿಗಳ ಹತ್ರ ಹೋದೆ. ಮೂರೂ ಜನ "ಕಾರ್ಬೋರೇಟರ್ ಸಾರ್" ಅಂದ್ರು, ಅಂದ್ರೆ ಪೆಟ್ರೋಲು ಗಾಳಿ ಬೆರೆಸೋ ಭಾಗ. ಮೊದಲು ಕ್ಲೀನ್, ಆಮೇಲೆ ಕಿಟ್, ಆಮೇಲೆ ಹೊಸಾ ಕಾರ್ಬೋರೇಟರೇ ತಂದು ಹಾಕಿದ್ವಿ, ಸಾವಿರದ ನೂರೋ ಇನ್ನೂರೋ ಆಯ್ತು, ಅದು ಡೂಪ್ಲಿಕೇಟು ಅಂತ ಆಮೇಲೆ ಗೊತ್ತಾಗಿದ್ದು. ಪ್ಲಗ್ಗಿಗೆ ಕಿಡಿ ಕೊಡೋ ಸಿಡಿಐ ಡಬ್ಬಿ 450, ಪ್ಲಗ್ಗು ಲೆಕ್ಕಾನೇ ಇಟ್ಟಿಲ್ಲ. ಕೊನೆಗೆ ಒಬ್ಬ ಬೋರು, ಅಂದ್ರೆ ಪಿಸ್ಟನ್ ಓಡೋ ಸಿಲಿಂಡರ್, ಹೋಗಿದೆ ಅಂದ, 3800 ಕೊಟ್ಟು ಬೋರು ಪಿಸ್ಟನ್ನು ಮಾಡಿಸ್ದೆ. ಹೊಸಾ ಪಿಸ್ಟನ್ ನಾನೂರು ಕಿಲೋಮೀಟರೂ ಓಡಿರ್ಲಿಲ್ಲ, ಕರಡಿ ಅನ್ನೋ ಊರು ದಾಟ್ತಿದ್ದಂಗೆ ಬೋರಲ್ಲೇ ಹಿಡ್ಕೊಂಡ್ಬಿಡ್ತು. ಕ್ಲಚ್ ಒತ್ತಿದ್ದಕ್ಕೆ ಬದುಕಿದೆ. ಆವತ್ತು ಗ್ಯಾರಂಟಿ ಆಯ್ತು, ಕಾರ್ಬೋರೇಟರ್ ಬಿಟ್ಟು ಎಲ್ಲಿಂದಾನೋ ಕಳ್ಳಗಾಳಿ ಎಳೀತಿದೆ, ಗಾಳಿಗೆ ತಕ್ಕ ಪೆಟ್ರೋಲ್ ಸಾಲದೆ ಇಷ್ಟು ಬಿಸಿ ಆಗ್ತಿದೆ.

ಇನ್ನೊಂದು ಸುಳಿವು ನಂಗೆ ಮೊದ್ಲೇ ಸಿಕ್ಕಿತ್ತು, ನಾನೇ ಬಿಟ್ಟಿದ್ದೆ. ಜಗ್ಗೋವಾಗ ಓಡ್ತಾನೇ ಚೋಕ್ ಸ್ವಲ್ಪ ಎಳೆದ್ರೆ, ಪೆಟ್ರೋಲ್ ಜಾಸ್ತಿ ಹೋಗಿ ಗಾಡಿ ಸುಮ್ಮನಾಗೋದು. ಅದಕ್ಕೆ ಏನ್ ಮಾಡ್ದೆ ಗೊತ್ತಾ, ಕಾರ್ಬೋರೇಟರಿಗೆ ದೊಡ್ಡ ಜೆಟ್ (ಪೆಟ್ರೋಲ್ ಹೋಗೋ ತೂತು) ಹಾಕ್ದೆ! ಜಗ್ಗಾಟ ಅರ್ಧ ಕಮ್ಮಿ ಆಯ್ತು, ಮೈಲೇಜು 40ರಿಂದ 28ಕ್ಕೆ ಬಂತು. ಅದಕ್ಕೂ ಮುಂಚೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿರ್ಬೇಕು ಅಂತ ಒಂದು ವಾರ ಮುಚ್ಚಳ ಸಡಿಲ ಬಿಟ್ಕೊಂಡು ಓಡಿಸಿದೀನಿ. ಪ್ಯಾಂಟೆಲ್ಲ ಪೆಟ್ರೋಲ್ ವಾಸನೆ, ಆಫೀಸಲ್ಲಿ ಪಕ್ಕದ ಟೇಬಲ್ಲೋನು ಜಾಗ ಬದಲಾಯಿಸ್ದ. ಸ್ಪ್ರೇ ಹೊಡೆದು ನೋಡೋದೂ ಆಯ್ತು, ಗಾಳಿ ಎಳೆಯೋ ಜಾಗಕ್ಕೆ ಬಿದ್ರೆ ರೇಸ್ ಬದಲಾಗ್ಬೇಕು, ಕಾರ್ಬೋರೇಟರ್ ಸುತ್ತ ಎಲ್ಲೂ ಬದಲಾಗ್ಲಿಲ್ಲ. ಆಗ್ಲೇ ಒಳಗಡೆ ಸೀಲ್, ಅಂದ್ರೆ ತಿರುಗೋ ಕ್ರ್ಯಾಂಕಿನ ಎರಡು ಬದಿಗೂ ಗಾಳಿ ತಡೆಯೋ ರಬ್ಬರ್ ಬಳೆ, ಅಂತ ಹೊಳೀಬೇಕಿತ್ತು.

ಸೀಲ್ ಅಂದ್ರೆ ಒಬ್ಬ ಮೇಸ್ತ್ರಿ ನಕ್ಕ. "ಸೀಲ್ ಹೋದ್ರೆ ಬಿಳೀ ಹೊಗೆ ಬರುತ್ತೆ ಸಾರ್, ನಿಮ್ದು ಎಲ್ಲಿ ಬರ್ತಿದೆ?" ಅದು ಕ್ಲಚ್ ಸೈಡ್ ಸೀಲಿನ ಕತೆ, ಅದು ಗೇರ್ ಆಯಿಲ್ ಎಳೆಯುತ್ತೆ. ಕ್ರ್ಯಾಂಕಿನ ಇನ್ನೊಂದು ತುದಿ, ಕರೆಂಟ್ ಹುಟ್ಟಿಸೋ ಮ್ಯಾಗ್ನೆಟ್ ಸೈಡಲ್ಲಿ ಆಯಿಲ್ ಎಲ್ಲಿದೆ, ಬರೀ ಗಾಳಿ ತಾನೇ, ಹೊಗೆ ಎಲ್ಲಿಂದ ಬರ್ಬೇಕು? ಅಂತ ನಾನು ಹೇಳ್ದೆ. "ಇಂಜಿನ್ ಬಿಚ್ಚದೆ ಅದನ್ನ ಯಾರೂ ಹೇಳಕ್ಕಾಗಲ್ಲ" ಅಂದ. ಸರಿ, ನೋಡೇ ಬಿಡೋಣ ಅಂತ ಮನೇಲಿ ಕೂತೆ.

ನಮ್ಮಮ್ಮಂದು ಹಳೇ ಬಿಪಿ ಮಿಷಿನ್ ಇತ್ತು, ಕೈಯಲ್ಲಿ ಒತ್ತೋ ಉಂಡೆ, ಮುಳ್ಳಿನ ಮೀಟ್ರು. ಸೈಲೆನ್ಸರ್ ಬಿಚ್ಚಿ ಆ ಬಾಯಿಗೆ ಲಾರಿ ಟ್ಯೂಬಿನ ತುಂಡು, ಮೇಲೊಂದು ಪಟ್ಟಿ, ಬಿಗಿಯಾಗಿ ಕಟ್ದೆ. ಕಾರ್ಬೋರೇಟರ್ ಕೂರೋ ಬಾಯಿಗೆ ರಬ್ಬರ್ ಬಿರಡೆ, ಅದರಲ್ಲಿ ತೂತು, ತೂತಿಗೆ ಬಿಪಿ ಪೈಪು. ಪಿಸ್ಟನ್ ಕೆಳಕ್ಕೆ ಇಳಿಸಿಟ್ಟೆ. ಅಮ್ಮ ಬಂದು ನೋಡಿ "ಗಾಡಿಗೂ ಬಿಪಿ ಬಂತೇನೋ?" ಅಂದ್ರು. ಮೊದಲ್ನೇ ದಿನ ಪೂರ್ತಿ ವೇಸ್ಟು, ನನ್ ಬಿರಡೇನೇ ಲೀಕ್. ಎರಡನೇ ದಿನ ಅದನ್ನ ಸರಿ ಮಾಡಿ (ಏನ್ ಬಳಿದೆ ಅನ್ನೋದು ನನ್ ಹತ್ರಾನೇ ಇರ್ಲಿ) 250ರ ತನಕ ಏರಿಸ್ದೆ. ಅದಕ್ಕಿಂತ ಮೇಲೆ ಹೋಗ್ಬೇಡಿ, ಚೆನ್ನಾಗಿರೋ ಸೀಲಿನ ತುಟಿನೂ ಮಗುಚಿಕೊಳ್ಳುತ್ತೆ. ಮುಳ್ಳು ಐದಾರು ಸೆಕೆಂಡಲ್ಲಿ ಸೊನ್ನೆ, ಅಂದ್ರೆ ಎಲ್ಲೋ ಲೀಕ್ ಇದೆ. ಪುಲ್ಲರ್ (ಎಳೆದು ತೆಗೆಯೋ ಟೂಲು) ಹಾಕಿ ಮ್ಯಾಗ್ನೆಟ್ ತೆಗೆದು ಹಿಂದೆ ಶಾಂಪೂ ನೀರು ಬಿಟ್ರೆ ಕ್ರ್ಯಾಂಕ್ ಸುತ್ತ ದೋಸೆ ಹಿಟ್ಟು ಉಕ್ಕಿದಂಗೆ ಗುಳ್ಳೆ. ಫೋಟೋ ತೆಗೆದು ಮೇಸ್ತ್ರಿಗೆ ಕಳಿಸ್ದೆ, ನೀಲಿ ಟಿಕ್ ಬಂತು, ಉತ್ತರ ಬರ್ಲಿಲ್ಲ.

ಸೀಲ್ ನನ್ ಗಾಡೀಲಿ ಹೊರಗಿಂದಾನೇ ಬಂತು, ಕ್ರ್ಯಾಂಕ್‌ಕೇಸ್ ಬಿಚ್ಚಲಿಲ್ಲ. ಮುಟ್ಟಿದ್ರೆ ಪ್ಲಾಸ್ಟಿಕ್ ಥರ ಗಟ್ಟಿ. ಹೊಸದಕ್ಕೆ ಸುಮಾರು 70 ರೂಪಾಯಿ ಆಯ್ತು. ಮೊದಲ್ನೇದು ನಾನೇ ಹಾಳು ಮಾಡ್ದೆ, ಗ್ರೀಸ್ ಹಚ್ಚದೆ ಆತುರದಲ್ಲಿ ಬಡಿದೆ, ತುಟಿ ಮಡಚಿ ಒಳಗಿನ ಸ್ಪ್ರಿಂಗ್ ಆಚೆ ಬಂತು. ಎರಡನೇದು ಸರಿಯಾಗಿ ಕೂತ್ಕೊಂತು. ಮ್ಯಾಗ್ನೆಟ್ಟನ್ನ ಕ್ರ್ಯಾಂಕಿಗೆ ಕೂರಿಸೋ ಅರ್ಧಚಂದ್ರ ಕೀ (ಸಣ್ಣ ಲೋಹದ ತುಂಡು) ಬೇರೆ ಕಳೆದೋಯ್ತು ಅಂತ ಅರ್ಧ ಗಂಟೆ ನೆಲ ತಡಕಾಡಿದೀನಿ, ಅದು ಮ್ಯಾಗ್ನೆಟ್ ಒಳಗೇ ಅಂಟ್ಕೊಂಡು ಕೂತಿತ್ತು. ಮತ್ತೆ ಗಾಳಿ ಹೊಡೆದ್ರೆ ಮೂರು ನಿಮಿಷಕ್ಕೆ 250ರಿಂದ 230, ಅಷ್ಟೇ ಇಳಿದಿದ್ದು.

ಕಿಕ್ ಹೊಡೆದೆ, ಈಗ ಉಲ್ಟಾ, ಬ್ಲಬ್ ಬ್ಲಬ್ ಅಂತ ಕಟ್ಟಿದ ಗಂಟಲು, ಪ್ಲಗ್ ಮಸಿ. ದೊಡ್ಡ ಜೆಟ್ ಇನ್ನೂ ಒಳಗಿತ್ತಲ್ಲ, ಪೆಟ್ರೋಲ್ ಜಾಸ್ತಿ! ಹಳೇ ಒರಿಜಿನಲ್ ಕಾರ್ಬೋರೇಟರ್ ಅಟ್ಟದಿಂದ ಇಳಿಸಿ, ಹಳೇ ಜೆಟ್ಟು ಹಾಕಿ, ಅದರ ಸೂಜಿ ಕ್ಲಿಪ್ ನಡುಮಧ್ಯ ಇಟ್ಟೆ. ಅರಸೀಕೆರೆ ತನಕ ಆಕ್ಸಿಲೇಟರ್ ಒಂದೇ ಕಡೆ ಹಿಡ್ಕೊಂಡು ಹೋದೆ, ಒಂದು ಸಲಾನೂ ಜಗ್ಗಿಲ್ಲ. ಮೈಲೇಜು 42 ಹತ್ರ ಇದೆ. ಹಿಡ್ಕೊಂಡಿದ್ದ ಪಿಸ್ಟನ್ನು ಸ್ವಲ್ಪ ಉಜ್ಜಿ ಅದನ್ನೇ ಓಡಿಸ್ತಿದೀನಿ, ಸಣ್ಣ ಸದ್ದು ಇದೆ.

ಒಟ್ಟು ಏಳು ಸಾವಿರದ ಹತ್ರ ದಂಡ, ಕೆಲಸ ಮಾಡಿದ್ದು ಒಂದು ಸೀಲು ಮತ್ತೆ 250 ರೂಪಾಯಿ ಪುಲ್ಲರ್. ಈ ವಾರ ಬೆಳಿಗ್ಗೆ ಕಿಕ್ ಹೊಡೆದಾಗ ಸ್ವಲ್ಪ ಬಿಳೀ ಹೊಗೆ ಕಾಣಿಸ್ತಿದೆ, ಕ್ಲಚ್ ಸೈಡ್ ಶುರುವಾಯ್ತು ಅನ್ಸುತ್ತೆ. ಮಳೆ ಮುಗೀಲಿ, ಬಿಚ್ತೀನಿ.