ಕ್ಲಿನಿಕ್‌ನಲ್ಲಿ ಲ್ಯಾಟಿನಾ ಬಾಣಂತಿಯರ ಜೊತೆ ಕೆಲಸ ಮಾಡಲು ಹೊರಟ ಹೊಸಬರಿಗೆ

ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆ ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾ ಆಧಾರದಲ್ಲಿ, ಬಂದ ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಕ್ಲಿನಿಕ್‌ಗಳಲ್ಲಿ ವಾಲಂಟಿಯರ್ ಆಗಿ ಸೇರುತ್ತಾರೆ. ಅಲ್ಲಿ ಮೆಕ್ಸಿಕೋ, ಗ್ವಾಟೆಮಾಲಾ, ಹೊಂಡುರಾಸ್‌ನಿಂದ ಬಂದ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಬಾಣಂತಿಯರು ಸಿಗುತ್ತಾರೆ. ಹೋಟೆಲ್ ಅಡುಗೆಮನೆ, ಮನೆ ಕ್ಲೀನಿಂಗ್, ಹೊಲದ ಕೆಲಸ ನಂಬಿದ ಕುಟುಂಬಗಳು. ಅವರ ಕೈಗೆ "ಎದೆಹಾಲು ಒಳ್ಳೇದು" ಅನ್ನುವ ಕರಪತ್ರ ಕೊಟ್ಟು ಪ್ರಯೋಜನವಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತು. ತನ್ನ ಹಾಲು ಕೂಸಿಗೆ ಸಾಕಾಗುತ್ತದೆ ಅನ್ನುವ ಧೈರ್ಯ ಮಾತ್ರ ಹಲವರಿಗೆ ಕಮ್ಮಿ ಇರುತ್ತದೆ.

ಈ ಧೈರ್ಯವನ್ನು ಅಳೆಯುವ ಒಂದು ಪಟ್ಟಿ ಇದೆ. ಕೆನಡಾದ ನರ್ಸಿಂಗ್ ಸಂಶೋಧಕಿ ಸಿಂಡಿ-ಲೀ ಡೆನ್ನಿಸ್ ಅದನ್ನು 1999ರಲ್ಲಿ ಮೊದಲು ಪ್ರಕಟಿಸಿದರು. 2003ರಲ್ಲಿ ಬಂದ ಚಿಕ್ಕ ರೂಪದಲ್ಲಿ 14 ಸಾಲುಗಳಿವೆ, ಒಂದೊಂದಕ್ಕೂ 1ರಿಂದ 5 ಅಂಕ. ಸ್ಪ್ಯಾನಿಷ್‌ನಲ್ಲೂ ಸಿಗುತ್ತದೆ. ಅವರ ಪ್ರಕಾರ ಧೈರ್ಯ ಬರುವುದು ನಾಲ್ಕು ಕಡೆಯಿಂದ: ತಾನೇ ಹಾಲುಣಿಸಿದ ಅನುಭವ, ಬೇರೆಯವರು ಉಣಿಸುವುದನ್ನು ನೋಡಿದ್ದು, ಹತ್ತಿರದವರ ಮಾತು, ತಾಯಿಯ ಮೈ-ಮನಸ್ಸಿನ ಸ್ಥಿತಿ. ಈ ನಾಲ್ಕನ್ನು ನೆನಪಿಟ್ಟುಕೊಂಡು ತಾಯಿಯ ಸುತ್ತ ಯಾರಿದ್ದಾರೆ ಅಂತ ನೋಡಿ. ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ.

ಊರಿನಲ್ಲಿದ್ದಾಗ ಇವರಿಗೆ ಈ ನಾಲ್ಕೂ ಸಿಗುತ್ತಿದ್ದವು. ಹೆರಿಗೆಯಾದ ಮೇಲೆ 40 ದಿನ ‘ಕ್ವಾರೆಂತೇನಾ’. ಬಾಣಂತಿಗೆ ಭಾರದ ಕೆಲಸ ಇಲ್ಲ, ಥಂಡಿ ಗಾಳಿ ತಾಗಬಾರದು, ಹೊಟ್ಟೆಗೆ ಬಟ್ಟೆ ಕಟ್ಟಬೇಕು. ಬಿಸಿಬಿಸಿ ಕೋಳಿ ಸಾರು, ಹಾಲು ಹೆಚ್ಚಲಿ ಅಂತ ಮೆಕ್ಕೆಜೋಳದ ಹಿಟ್ಟಿನ ಗಂಜಿ ‘ಆತೊಲೆ’. ನಮ್ಮ ಬಾಣಂತನ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ ಅಲ್ವಾ? ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರು ಎದುರಿಗೇ ಕೂತು ಹಾಲುಣಿಸುವುದನ್ನು ನೋಡಿಯೇ ಹುಡುಗಿಯರು ಬೆಳೆದಿರುತ್ತಾರೆ. ದೃಷ್ಟಿ ತಾಗದಿರಲಿ ಅಂತ ಕೂಸಿನ ಕೈಗೆ ಕೆಂಪು ದಾರ ಕಟ್ಟುವವರೂ ಇದ್ದಾರೆ. ಅದನ್ನು ನೋಡಿ ನಗಬೇಡಿ, ಬಿಚ್ಚಿ ಅಂತಲೂ ಹೇಳಬೇಡಿ.

ಹಿರಿಯರ ಮಾತು ಕೆಲವೊಮ್ಮೆ ಇದೇ ಧೈರ್ಯವನ್ನು ಕರಗಿಸುತ್ತದೆ. ಹೆರಿಗೆಯಾದ ತಕ್ಷಣ ಬರುವ ದಪ್ಪನೆಯ ಹಳದಿ ಹಾಲು ಹಾಲೇ ಅಲ್ಲ, ನಿಜವಾದ ಹಾಲು ಬರುವ ತನಕ ಬಾಟಲಿ ಕೊಡಿ ಅನ್ನುವವರಿದ್ದಾರೆ. ಕೂಸು ಗುಂಡಗೆ ಇದ್ದರೇ ಆರೋಗ್ಯ, ಅಳುತ್ತಿದ್ದರೆ ಹಸಿವು ಅನ್ನುವ ನಂಬಿಕೆ ಜೋರಾಗಿದೆ. ಹಾಗಾಗಿ ಎದೆಹಾಲಿನ ಜೊತೆ ಮೊದಲ ದಿನದಿಂದಲೇ ಫಾರ್ಮುಲಾ, ಅಂದರೆ ಅಂಗಡಿಯ ಡಬ್ಬಿ ಹಾಲು, ಶುರುವಾಗುತ್ತದೆ. ಇದಕ್ಕೆ ‘ಲಾಸ್ ದೋಸ್’ ಅನ್ನುತ್ತಾರೆ, ಅಂದರೆ ಎರಡೂ. ಎದೆಹಾಲಿನ ಶಕ್ತಿಯೂ ಸಿಗಲಿ, ಫಾರ್ಮುಲಾದ ವಿಟಮಿನ್ನೂ ಸಿಗಲಿ ಅನ್ನುವ ಪ್ರೀತಿ ಅದು. ಸೋಮಾರಿತನ ಖಂಡಿತ ಅಲ್ಲ. ತೊಂದರೆ ಏನೆಂದರೆ, ಕೂಸು ಚೀಪಿದಷ್ಟೂ ಹಾಲು ಬರುವುದು. ಬಾಟಲಿ ಜಾಸ್ತಿಯಾದಂತೆ ಎದೆಯಲ್ಲಿ ಹಾಲು ಕಡಿಮೆಯಾಗುತ್ತದೆ. ಆಗ ತಾಯಿ "ನೋಡಿ, ನನಗೆ ಹಾಲೇ ಇಲ್ಲ" ಅನ್ನುತ್ತಾಳೆ.

ಇನ್ನೊಂದು ನಂಬಿಕೆ: ಸಿಟ್ಟು ಬಂದರೆ, ಹೆದರಿದರೆ ಹಾಲು ಕೆಡುತ್ತದೆ. ಹಾಲು ಕೆಡುವುದಿಲ್ಲ. ಆದರೆ ಆತಂಕ ಹೆಚ್ಚಾದಾಗ ಎದೆಯಿಂದ ಹಾಲು ಹೊರಗೆ ಬರುವುದು ಸ್ವಲ್ಪ ತಡವಾಗಬಹುದು. ಬಾಡಿಗೆ ಕಟ್ಟಬೇಕು, ಗಂಡನಿಗೆ ಕೆಲಸ ಹೋಗಿದೆ, ದೇಶದಲ್ಲಿರಲು ಪೇಪರ್ಸ್ ಇಲ್ಲ ಅನ್ನುವ ಮನೆಯಲ್ಲಿ ಆತಂಕಕ್ಕೇನು ಬರ? "ಟೆನ್ಷನ್ ಮಾಡ್ಕೋಬೇಡಿ" ಅನ್ನುವ ಬದಲು, ಅವರ ಮಾತನ್ನು ಹತ್ತು ನಿಮಿಷ ಕೇಳಿಸಿಕೊಳ್ಳಿ.

ಅಮೆರಿಕಕ್ಕೆ ಬಂದ ಹೊಸದರಲ್ಲಿ ಈ ತಾಯಂದಿರು ಹೆಚ್ಚು ಹಾಲುಣಿಸುತ್ತಾರೆ. ವರ್ಷ ಕಳೆದಂತೆ ಅದು ಕಡಿಮೆಯಾಗುತ್ತದೆ. ಇದನ್ನು ಹಲವು ಅಧ್ಯಯನಗಳು ಕಂಡಿವೆ. ನನಗೆ ತುಂಬಾ ನೋವು ಕೊಡುವ ಸಂಗತಿ ಇದೇ. ಅಮ್ಮ ದೂರದಲ್ಲಿ, ಹಾಲುಣಿಸುವುದನ್ನು ನೋಡಲು ಪಕ್ಕದಲ್ಲಿ ಯಾರೂ ಇಲ್ಲ, ಹೊರಗೆ ಉಣಿಸಲು ನಾಚಿಕೆ. ಮೇಲೆ ಕೆಲಸಕ್ಕೆ ಬೇಗ ವಾಪಸ್ ಹೋಗಬೇಕು. 1993ರ ಕೇಂದ್ರ ಕಾಯ್ದೆ 12 ವಾರ ರಜೆ ಕೊಡುತ್ತದೆ, ಆದರೆ ಸಂಬಳವಿಲ್ಲ. ಖಾಸಗಿ ಕಂಪನಿಯಲ್ಲಿ 50ಕ್ಕಿಂತ ಕಡಿಮೆ ಜನ ಇದ್ದರೆ ಅದೂ ಸಿಗುವುದಿಲ್ಲ. 2022ರ ಕೊನೆಯಲ್ಲಿ ಬಂದ ಪಂಪ್ ಕಾಯ್ದೆಯಿಂದ ಹೊಲದಲ್ಲಿ ದುಡಿಯುವವರಿಗೂ ಒಂದು ವರ್ಷದ ತನಕ ಹಾಲು ತೆಗೆಯಲು ಬಿಡುವು, ಬಾತ್‌ರೂಮ್ ಅಲ್ಲದ ಮರೆಯ ಜಾಗ ಸಿಗಬೇಕು. ಕೇಳಿದರೆ ಕೆಲಸ ಹೋದೀತು ಅನ್ನುವ ಭಯ ಮಾತ್ರ ಕಾಯ್ದೆಯಿಂದ ಹೋಗಿಲ್ಲ.

ಈಗ ನಿಮ್ಮ ಕೆಲಸ. ಅಜ್ಜಿ ಬಂದಿದ್ದರೆ ಅವರನ್ನು ಹೊರಗೆ ಕೂರಿಸಬೇಡಿ. ‘ಸೆನ್ಯೋರಾ’ ಅಂತ ಕರೆದು, ‘ಉಸ್ತೆದ್’ (ನಮ್ಮ ‘ನೀವು’ ಇದ್ದಂತೆ) ಅಂತ ಗೌರವದಲ್ಲೇ ಮಾತಾಡಿಸಿ. ನೀವು ಮಕ್ಕಳಿಗೆ ಹೇಗೆ ಹಾಲುಣಿಸಿದಿರಿ ಅಂತ ಮೊದಲು ಕೇಳಿ, ಆಮೇಲೆ ಬೇರೆ ಮಾತು. ಅಜ್ಜಿ ಒಪ್ಪಿದರೆ ಮನೆಯಲ್ಲಿ ಅದು ನಡೆಯುತ್ತದೆ. ಗಂಡ ಬಂದಿದ್ದರೆ ಅವನಿಗೂ ತೋರಿಸಿ. ಹಾಲು ಸಾಲುತ್ತಿದೆಯೇ ಅನ್ನುವುದಕ್ಕೆ ಅಳು ಲೆಕ್ಕವಲ್ಲ, ಒದ್ದೆ ಡೈಪರ್ ಲೆಕ್ಕ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರಾದರೂ ಒದ್ದೆಯಾಗಬೇಕು. ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ, ಸುಮಾರು ಎರಡು ವಾರದೊಳಗೆ ಮತ್ತೆ ಬರಬೇಕು. ಬರದಿದ್ದರೆ, ಡೈಪರ್ ಕಡಿಮೆಯಾದರೆ, ಕೂಸು ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಡಾಕ್ಟರಿಗೆ ತೋರಿಸಿ. ಡಾಕ್ಟರ್ ಫಾರ್ಮುಲಾ ಕೊಡಿ ಅಂದರೆ ಕೊಡಬೇಕು, ಅದರಲ್ಲಿ ತಾಯಿಯ ಸೋಲೇನಿಲ್ಲ.

ಇವರಲ್ಲಿ ಬಹಳ ಜನ ಡಬ್ಲ್ಯೂಐಸಿ ಅನ್ನುವ ಸರ್ಕಾರಿ ಪೌಷ್ಟಿಕ ಆಹಾರ ಯೋಜನೆಯಲ್ಲಿ ಇರುತ್ತಾರೆ. ಅಲ್ಲಿ ಫಾರ್ಮುಲಾ ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾಲುಣಿಸುವ ತಾಯಿಗೆ ಒಂದು ವರ್ಷದ ತನಕ ಆಹಾರ ಸಿಗುತ್ತದೆ, ಹಾಲುಣಿಸದವರಿಗೆ ಆರು ತಿಂಗಳು ಮಾತ್ರ ಅನ್ನುವುದು ಹಲವರಿಗೆ ಗೊತ್ತಿಲ್ಲ. ಅನೇಕ ಕಡೆ ಸ್ಪ್ಯಾನಿಷ್ ಮಾತಾಡುವ ಪೀರ್ ಕೌನ್ಸೆಲರ್ ಇರುತ್ತಾರೆ. ತಾವೇ ಹಾಲುಣಿಸಿದ, ಅದೇ ಸಮುದಾಯದ ಹೆಂಗಸರು. ನಿಮ್ಮ ಹತ್ತು ಮಾತಿಗಿಂತ ಅವರ ಒಂದು ಫೋನ್ ಮೇಲು, ಆ ನಂಬರ್ ಸಿಕ್ಕ ದಿನವೇ ತಾಯಿಗೆ ಕೊಡಿ. ವಿದ್ಯಾರ್ಥಿ ವೀಸಾದಲ್ಲಿರುವ ನಮ್ಮ ಕನ್ನಡದ ಕುಟುಂಬಗಳಿಗೂ ಆದಾಯ ಕಡಿಮೆ ಇದ್ದರೆ ಇದೇ ಬಾಗಿಲು ತೆರೆದಿದೆ. ಅಲ್ಲಿ ವೀಸಾ ಯಾವುದು ಅಂತ ಕೇಳುವುದು ವಾಡಿಕೆಯಲ್ಲ. ಅರ್ಜಿ ಹಾಕುವ ಮೊದಲು ನಿಮ್ಮ ವೀಸಾ ವಿಷಯ ತಿಳಿದವರ ಹತ್ತಿರ ಒಮ್ಮೆ ಮಾತಾಡಿ.