ಹಿಂದಿನ ಬ್ರೇಕ್ ಶೂ ಮನೆಯಲ್ಲೇ ಬದಲಿಸುವವರಿಗೆ

ನಂದಿ ಬೆಟ್ಟದ ಇಳಿಜಾರಿನಲ್ಲಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಷ್ಟು ಎಳೆದರೂ ಕಾರು ಜಾರುತ್ತಿದೆಯಾ? ಹಿಂದಿನ ಡ್ರಮ್ (ಚಕ್ರದ ಜೊತೆ ತಿರುಗುವ ಡಬ್ಬಿಯಂಥ ಭಾಗ) ಒಳಗಿನ ಶೂ, ಅಂದರೆ ಡ್ರಮ್‌ಗೆ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ತುಂಡು, ಸವೆದಿರಬಹುದು. ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದವರು ಮನೆಯಲ್ಲೇ ಬದಲಿಸಬಹುದು. ಎರಡೂ ಕಡೆಯದ್ದನ್ನು ಒಟ್ಟಿಗೇ ಹಾಕಬೇಕು, ಅಷ್ಟೇ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಡಿ. ಬರೀ ಜಾಕ್ ನಂಬಬೇಡಿ, ಎತ್ತಿದ ಕಾರಿನ ಕೆಳಗೆ ಸ್ಟ್ಯಾಂಡ್ ಬೇಕೇ ಬೇಕು. ಚಕ್ರ ಬಿಚ್ಚಿದ ಮೇಲೆ ಡ್ರಮ್ ಬರಲಿಲ್ಲ ಅಂತ ಸುಮ್ನೆ ಸುತ್ತಿಗೆಯಲ್ಲಿ ಬಡಿಯಬೇಡಿ. ಕೆಲವು ಡ್ರಮ್‌ಗಳಲ್ಲಿ ಥ್ರೆಡ್ ಇರುವ ಎರಡು ತೂತು ಇರುತ್ತವೆ. ಅಲ್ಲಿಗೆ ಸರಿಹೊಂದುವ ಬೋಲ್ಟ್ ಹಾಕಿ, ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರೆ ಡ್ರಮ್ ತಾನಾಗೇ ಈಚೆಗೆ ಬರುತ್ತದೆ.

ಒಳಗಿನ ಕರಿ ಧೂಳನ್ನು ಬಾಯಲ್ಲಿ ಊದಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದು ಒರೆಸಿ.

ಶೂ ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದುಕೊಳ್ಳಿ. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ. ಸ್ಪ್ರಿಂಗ್ ಎಲ್ಲಿಗೆ ಅಂತ ತಲೆ ಕೆಟ್ಟರೆ ನೋಡಿಕೊಳ್ಳೋಕೆ ಒಂದು ಮಾದರಿ ಇರುತ್ತದೆ. ಎಡಗಡೆ ಅಡ್ಜಸ್ಟರ್ (ಶೂ-ಡ್ರಮ್ ನಡುವಿನ ಅಂತರ ಸರಿಮಾಡುವ ತಿರುಪು) ಬಲಕ್ಕೆ ಹಾಕಬೇಡಿ, ಹಲವು ಕಾರುಗಳಲ್ಲಿ ಥ್ರೆಡ್ ಉಲ್ಟಾ ಇರುತ್ತದೆ. ಡ್ರಮ್ ಹೊರಗಿರುವಾಗ ಮಕ್ಕಳು ಪೆಡಲ್ ತುಳಿಯದ ಹಾಗೆ ನೋಡಿಕೊಳ್ಳಿ, ಶೂಗಳನ್ನು ಹೊರಕ್ಕೆ ತಳ್ಳುವ ಸಿಲಿಂಡರ್‌ನ ಪಿಸ್ಟನ್ ಹೊರಗೆ ಬಂದುಬಿಡುತ್ತದೆ.

ಸಿಲಿಂಡರ್ ರಬ್ಬರ್ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಒಳಗೆ ಬ್ರೇಕ್ ಆಯಿಲ್ ಇಳಿದಿದ್ದರೆ ಮೊದಲು ಸಿಲಿಂಡರ್ ಬದಲಿಸಿ. ಇಲ್ಲದಿದ್ದರೆ ಹೊಸ ಶೂ ಕೂಡ ಹಾಳು.

ಜೋಡಿಸಿದ ಮೇಲೆ ಕೈಯಲ್ಲಿ ತಿರುಗಿಸಿದರೆ ಡ್ರಮ್ ಚೂರೇ ಚೂರು ಉಜ್ಜಬೇಕು. ಓಡಿಸುವ ಮುಂಚೆ ಪೆಡಲ್ ಹಲವು ಸಲ ಒತ್ತಿ. ಮೆತ್ತಗೆ ಒಳಗೆ ಹೋಗುತ್ತಿದ್ದರೆ ಗಾಡಿ ರಸ್ತೆಗೆ ಇಳಿಸಬೇಡಿ, ಮೆಕ್ಯಾನಿಕ್‌ನ್ನೇ ಮನೆಗೆ ಕರೆಸಿ.