3.5 ಪಟ್ಟು ಭದ್ರವಾದ ಶಾಫ್ಟ್ ಯಾಕೆ ಮುರಿಯುತ್ತದೆ

37 ಕಿಲೋವ್ಯಾಟ್ ಮೋಟಾರು, ಗೇರ್‌ಬಾಕ್ಸ್ ದಾಟಿ ನಿಮಿಷಕ್ಕೆ 240 ಸುತ್ತು. ಅಲ್ಲಿಂದ ಒಂದೂವರೆ ಇಂಚು ಪಿಚ್ಚಿನ ಚೈನ್, ಎರಡೂ ಕಡೆ 30 ಹಲ್ಲಿನ ಸ್ಪ್ರಾಕೆಟ್. ಚೈನ್ ತಿರುಗಿಸುವುದು ಇಎನ್8 (ಮಧ್ಯಮ ಇಂಗಾಲದ) ಉಕ್ಕಿನ ಶಾಫ್ಟನ್ನು. ಬೇರಿಂಗ್ 6212, ಅದು ಕೂರುವಲ್ಲಿ ವ್ಯಾಸ 60 ಮಿ.ಮೀ., ಒರಗುವ ಸ್ಟೆಪ್ (ಶಾಫ್ಟ್ ದಪ್ಪವಾಗುವ ಮೆಟ್ಟಿಲು) 72 ಮಿ.ಮೀ. ಈ ಶಾಫ್ಟ್ ಬಾಳುತ್ತದೆಯೇ ಎಂದು ನಾನು ಲೆಕ್ಕ ಹಾಕಿದ್ದು ಹೀಗೆ.

ಮೊದಲು ಲೋಡು. ತಿರುಚು ಬಲ 9550 × 37 ÷ 240, ಅಂದರೆ ಸುಮಾರು 1,470 ನ್ಯೂಟನ್ ಮೀಟರ್. ಸ್ಪ್ರಾಕೆಟ್ಟಿನ ಪಿಚ್ ವ್ಯಾಸ 364.5 ಮಿ.ಮೀ., ಹಾಗಾಗಿ ಚೈನಿನ ಎಳೆತ ಸುಮಾರು 8,070 ನ್ಯೂಟನ್. ಸಡಿಲ ಬದಿಯ ಎಳೆತಕ್ಕೂ ಚೈನಿನ ತೂಕಕ್ಕೂ ಶೇ. 10 ಸೇರಿಸಿದೆ. ಬೇರಿಂಗಿನ ನಡುವಿನಿಂದ ಸ್ಪ್ರಾಕೆಟ್ಟಿನ ನಡುವಿಗೆ 180 ಮಿ.ಮೀ. ಇದೆ, ಬಾಗಿಸುವ ಬಲ 1,600 ನ್ಯೂಟನ್ ಮೀಟರ್ ಬಂತು. ಸ್ಟೆಪ್ ಇರುವುದು ಬೇರಿಂಗಿನ ಒಳಬದಿಗೆ, ಅಲ್ಲಿ ಇದು ತುಸು ಕಡಿಮೆ. ಆದರೂ ಇದನ್ನೇ ಹಿಡಿದೆ. ಲೋಡು ಜಗ್ಗಾಡುವ ಯಂತ್ರವಾದರೆ 1.25 ಅಥವಾ 1.5ರಿಂದ ಗುಣಿಸುವುದನ್ನು ಇಲ್ಲೇ ಮಾಡಿ ಮುಗಿಸಬೇಕು. ಕೊನೆಗೆ ನೋಡೋಣ ಎಂದು ಬಿಟ್ಟರೆ ಮರೆತೇ ಹೋಗುತ್ತದೆ.

60 ಮಿ.ಮೀ. ವ್ಯಾಸಕ್ಕೆ ಬಾಗುವ ಒತ್ತಡ 75.5 ಎಂಪಿಎ (ಮೆಗಾಪ್ಯಾಸ್ಕಲ್, ಒತ್ತಡದ ಅಳತೆ), ತಿರುಚುವ ಒತ್ತಡ 34.7. ವಾನ್ ಮಿಸೆಸ್ ಸೂತ್ರದಂತೆ ಎರಡನ್ನೂ ಕೂಡಿಸಿದರೆ 96.5. ಉಕ್ಕಿನ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಯೀಲ್ಡ್ (ಉಕ್ಕು ಮರಳಿ ನೇರವಾಗದಂತೆ ಬಗ್ಗಲು ಶುರುವಾಗುವ ಒತ್ತಡ) 340, ಮುರಿಯುವ ಬಲ 620. 340ನ್ನು 96.5ರಿಂದ ಭಾಗಿಸಿದರೆ ಭದ್ರತೆ 3.5. ಬಹಳ ಡ್ರಾಯಿಂಗುಗಳ ಲೆಕ್ಕ ಇಲ್ಲಿಗೇ ನಿಂತುಬಿಡುತ್ತದೆ. ಒಮ್ಮೆ ಲೋಡು ಹಾಕಿ ಬಿಟ್ಟರೆ ಶಾಫ್ಟ್ ಬಗ್ಗುವುದಿಲ್ಲ ಎಂಬುದಷ್ಟೇ ಈ 3.5ರ ಅರ್ಥ.

ಶಾಫ್ಟ್ ತಿರುಗುತ್ತಿದೆ, ಚೈನ್ ಎಳೆಯುವ ದಿಕ್ಕು ಮಾತ್ರ ಬದಲಾಗುವುದಿಲ್ಲ. ಮೇಲ್ಮೈಯ ಒಂದು ಬಿಂದುವಿಗೆ ಸೀಮೆಸುಣ್ಣದ ಗುರುತು ಹಾಕಿದ್ದೀರಿ ಎಂದುಕೊಳ್ಳಿ: ಅದು ಒಂದು ಸುತ್ತಿನಲ್ಲಿ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ದಿನಕ್ಕೆ 20 ಗಂಟೆ ಓಡಿದರೆ 2,88,000 ಸಲ, ಮೂರೂವರೆ ದಿನಕ್ಕೆ ಹತ್ತು ಲಕ್ಷ. 19ನೇ ಶತಮಾನದಲ್ಲಿ ಜರ್ಮನಿಯ ಆಗಸ್ಟ್ ವೋಲರ್ ರೈಲು ಗಾಲಿಗಳ ಅಚ್ಚುಗಳ ಮೇಲೆ ಪರೀಕ್ಷೆ ನಡೆಸಿ ಕಂಡುಕೊಂಡದ್ದೂ ಇದನ್ನೇ: ಯೀಲ್ಡಿಗಿಂತ ಎಷ್ಟೋ ಕಡಿಮೆ ಒತ್ತಡವಾದರೂ ಮತ್ತೆ ಮತ್ತೆ ಬಂದರೆ ಉಕ್ಕು ದಣಿದು ಬಿರಿಯುತ್ತದೆ.

ದಣಿವಿನ ಮಿತಿಯನ್ನು ಮುರಿಯುವ ಬಲದ ಅರ್ಧದಿಂದ ಶುರುಮಾಡುತ್ತೇನೆ: 310. ಇದು ಕನ್ನಡಿಯಂತೆ ಪಾಲಿಶ್ ಮಾಡಿದ ಸಣ್ಣ ಪರೀಕ್ಷಾ ತುಂಡಿನ ಅಂಕಿ. ನಮ್ಮದು ಲೇತಿನಲ್ಲಿ ತಿರುವಿದ ಮೇಲ್ಮೈ, ಅದಕ್ಕೆ 0.82. ವ್ಯಾಸ ದೊಡ್ಡದು, ಅದಕ್ಕೆ 0.79. ನೂರರಲ್ಲಿ 99 ಶಾಫ್ಟ್ ಉಳಿಯಬೇಕು, ಅದಕ್ಕೆ 0.814. ಗುಣಿಸಿದರೆ ಉಳಿಯುವುದು 163 ಎಂಪಿಎ.

ಇನ್ನು ಸ್ಟೆಪ್ಪಿನ ಮೂಲೆ. ಶಾಫ್ಟ್ ಬದುಕುವುದೂ ಸಾಯುವುದೂ ಇಲ್ಲೇ, ಹಾಗಾಗಿ ನನ್ನ ಹೆಚ್ಚಿನ ಸಮಯ ಹೋಗುವುದೂ ಇಲ್ಲಿಗೇ. 6212ರ ಒಳ ರಿಂಗಿನ ಅಂಚು ಮೂಲೆಗೆ ತಾಗದೆ ಕೂರಬೇಕಾದರೆ ಶಾಫ್ಟಿನ ಮೂಲೆಗೆ 1.5 ಮಿ.ಮೀ.ಗಿಂತ ದೊಡ್ಡ ರೇಡಿಯಸ್ ಕೊಡುವಂತಿಲ್ಲ. ಅಷ್ಟು ರೇಡಿಯಸ್ಸಿಗೆ ಚಾರ್ಟು ಕೊಡುವ ಒತ್ತಡದ ಏರಿಕೆ 2.17 ಪಟ್ಟು. ಉಕ್ಕು ಅದನ್ನು ಪೂರ್ತಿ ಅನುಭವಿಸುವುದಿಲ್ಲ. ಏರಿಕೆಯಲ್ಲಿ ಉಕ್ಕಿಗೆ ತಟ್ಟುವ ಪಾಲು, ಅಂದರೆ ಸೂಕ್ಷ್ಮತೆ, 0.77 ಎಂದು ಹಿಡಿದರೆ 1.9 ಪಟ್ಟು. ಅಂದರೆ ಮೂಲೆಯಲ್ಲಿ ನಿಜವಾಗಿ ಏರಿಳಿಯುವ ಒತ್ತಡ 143. ತಿರುಚು ಏರಿಳಿಯುವುದಿಲ್ಲ, ಆದರೂ ಗುಡ್‌ಮನ್ ರೇಖೆಯಲ್ಲಿ (ಏರಿಳಿಯುವ ಒತ್ತಡ, ಸ್ಥಿರ ಒತ್ತಡ ಎರಡನ್ನೂ ಕೂಡಿಸಿ ನೋಡುವ ಲೆಕ್ಕ) ಅದರ ಪಾಲು ಸೇರುತ್ತದೆ: ಬಾಗುವಿಕೆಯದು 143 ÷ 163, ಅಂದರೆ 0.88; ಮೂಲೆಯ ಏರಿಕೆ ಸೇರಿ ತಿರುಚಿನದು 0.16; ಒಟ್ಟು 1.04. 1ನ್ನು ಇದರಿಂದ ಭಾಗಿಸಿದರೆ ಭದ್ರತೆ 0.96. ಒಂದಕ್ಕಿಂತ ಕಡಿಮೆ, ಅಂದರೆ ದಣಿದು ಬಿರಿಯುವ ಸಾಲಿಗೆ ಸೇರಿತು. ಮೊದಲಿನ ಲೆಕ್ಕದಲ್ಲಿ 3.5 ಎಂದು ಬಂದದ್ದು ಇದೇ ಶಾಫ್ಟಿಗೆ.

ಡ್ರಾಯಿಂಗಿನಲ್ಲಿ 1.5 ಎಂದು ಬರೆದರೆ ಸಾಲದು. ಟರ್ನರ್ ಬಳಸುವ ಇನ್ಸರ್ಟಿನ (ಲೇತ್ ಟೂಲಿನ ಕತ್ತರಿಸುವ ತುಂಡು) ಮೂಗಿನ ರೇಡಿಯಸ್ ಸಾಮಾನ್ಯವಾಗಿ 0.8 ಮಿ.ಮೀ. ಅವನು ನೇರ ಮೂಲೆಗೆ ಓಡಿಸಿ ನಿಲ್ಲಿಸಿದರೆ ಅಲ್ಲಿ ಉಳಿಯುವ ರೇಡಿಯಸ್ಸೂ 0.8, ಭದ್ರತೆ 0.89ಕ್ಕೆ ಇಳಿಯುತ್ತದೆ. ಹಾಗಾಗಿ ಶಾಫ್ಟ್ ಲೇತಿನಿಂದ ಇಳಿಯುವ ಮೊದಲೇ ರೇಡಿಯಸ್ ಗೇಜ್ ಇಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡುತ್ತೇನೆ. ಸಂದಿಯಲ್ಲಿ ಬೆಳಕು ಕಂಡರೆ ವಾಪಸ್. ಟೂಲ್ ಗೀರುಗಳೂ ಮುಖ್ಯ: ಅವು ಸುತ್ತಲೂ ಉಂಗುರದಂತೆ ಇರುತ್ತವೆ, ಬಿರುಕು ಹೊರಡುವುದೂ ಅದೇ ಹಾದಿಯಲ್ಲಿ. ಕೊನೆಯ ಉಜ್ಜು ಶಾಫ್ಟಿನ ಉದ್ದಕ್ಕೆ ಇರಬೇಕು.

ಸರಿಪಡಿಸುವಾಗ ಎಲ್ಲರೂ ಮೊದಲು ಹೇಳುವುದು "ಗಟ್ಟಿ ಉಕ್ಕು ಹಾಕಿ" ಎಂದು. ಮುರಿಯುವ ಬಲ 850 ಎಂಪಿಎ ಬರುವಂತೆ ಹದ ಮಾಡಿದ ಇಎನ್19 (ಮಿಶ್ರಲೋಹ ಉಕ್ಕು) ಹಾಕಿ ಲೆಕ್ಕ ಮಾಡಿದೆ. ಉಕ್ಕಿನ ಬಲ ಶೇ. 37 ಏರಿತು, ಭದ್ರತೆ 1.18 ಆಯಿತು, ಅಂದರೆ ಏರಿದ್ದು ಶೇ. 23 ಮಾತ್ರ. ಗಟ್ಟಿ ಉಕ್ಕಿಗೆ ಗೀರು, ಮೂಲೆ ಎರಡೂ ಹೆಚ್ಚು ತಟ್ಟುತ್ತವೆ. ಶಾಫ್ಟ್ ಬಾಗುವುದಂತೂ ಮೊದಲಿನಷ್ಟೇ. ಇನ್ನೊಂದು ದಾರಿ, ಬೇರಿಂಗಿಗೂ ಸ್ಟೆಪ್ಪಿಗೂ ನಡುವೆ ಒಳ ಅಂಚನ್ನು ಓರೆಯಾಗಿ ಕತ್ತರಿಸಿದ (ಚೇಂಫರ್) ಸ್ಪೇಸರ್ ರಿಂಗ್ ಇಟ್ಟು ಮೂಲೆಗೆ 3 ಮಿ.ಮೀ. ರೇಡಿಯಸ್ ಕೊಡುವುದು. ಅದೇ ಇಎನ್8ರಲ್ಲಿ 1.06 ಬಂತು. ಇದರ ಜೊತೆಗೆ ವ್ಯಾಸವನ್ನು 65 ಮಾಡಿ, ಸ್ಟೆಪ್ಪನ್ನು 78ಕ್ಕೆ ಏರಿಸಿ, 6213 ಬೇರಿಂಗ್ ಹಾಕಿದರೆ 1.3 ದಾಟುತ್ತದೆ. ನಾನು ಆರಿಸಿಕೊಂಡದ್ದು ಇದನ್ನು.

ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ ನೋಡುವವರಿಗೆ ಒಂದು ಮಾತು. ರೇಡಿಯಸ್ ಬಿಡಿಸದೆ ಚೂಪು ಮೂಲೆಯನ್ನೇ ಬಿಟ್ಟರೆ, ಮೆಶ್ (ಲೆಕ್ಕಕ್ಕಾಗಿ ಮಾಡೆಲನ್ನು ಒಡೆಯುವ ತುಂಡುಗಳು) ಸಣ್ಣದು ಮಾಡಿದಷ್ಟೂ ಒತ್ತಡ ಏರುತ್ತಲೇ ಹೋಗುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಆ ಅಂಕಿಯನ್ನು ನಂಬಬಾರದು.

ಜೋಡಿಸುವಾಗ ಆಗುವ ದೊಡ್ಡ ತಪ್ಪು, ಚೈನ್ ಸಾಲಿಗೆ ಬರಲಿಲ್ಲವೆಂದು ಸ್ಪ್ರಾಕೆಟ್ಟನ್ನು ಹೊರಕ್ಕೆ ಸರಿಸುವುದು. ಹಳೆಯ 60 ಮಿ.ಮೀ. ಶಾಫ್ಟಿನಲ್ಲಿ 40 ಮಿ.ಮೀ. ಸರಿಸಿದರೆ ಮೂಲೆಯ ಒತ್ತಡ 175 ಆಗುತ್ತದೆ. ತಿರುಚನ್ನು ಸೇರಿಸುವ ಮೊದಲೇ ಮಿತಿ ದಾಟಿತು.

ಮುರಿದ ಶಾಫ್ಟ್ ಕೈಗೆ ಬಂದರೆ ತುದಿಗಳನ್ನು ಒಂದಕ್ಕೊಂದು ಕೂಡಿಸಿ ನೋಡಬೇಡಿ, ಗುರುತು ಅಳಿಸಿಹೋಗುತ್ತದೆ. ನಯವಾದ ಭಾಗ ಬಿರುಕು ನಿಧಾನ ನಡೆದ ದಾರಿ, ಒರಟಾದ ಭಾಗ ಕೊನೆಗೆ ಒಮ್ಮೆಲೇ ಹರಿದದ್ದು. ಒರಟು ಭಾಗ ಚಿಕ್ಕದಾಗಿ ನಡುವಿಗಿದ್ದು, ಸುತ್ತ ಅಂಚಿನಲ್ಲಿ ಗರಗಸದಂಥ ಹಲ್ಲುಗಳು ಕಂಡರೆ ಲೋಡು ಹೆಚ್ಚೇನಲ್ಲ, ಮೂಲೆ ಚೂಪಾಗಿತ್ತು ಎಂದರ್ಥ. ಆಗ ಇನ್ನೂ ಓಡುತ್ತಿರುವ ಜೋಡಿ ಶಾಫ್ಟಿನ ಬೇರಿಂಗ್ ಕಳಚಿ, ಮೂಲೆ ಒರೆಸಿ, ಬಿರುಕಿನೊಳಗೆ ಇಳಿಯುವ ಕೆಂಪು ಬಣ್ಣ (ಪೆನೆಟ್ರೆಂಟ್) ಹಚ್ಚಿ ಹತ್ತು ಹದಿನೈದು ನಿಮಿಷ ಬಿಡಿ. ಒರೆಸುವಾಗ ಕ್ಲೀನರನ್ನು ಬಟ್ಟೆಗೆ ಹಾಕಿಕೊಳ್ಳಿ. ನೇರ ಶಾಫ್ಟಿಗೇ ಸಿಂಪಡಿಸಿದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಆಮೇಲೆ ಬಣ್ಣವನ್ನು ಹೊರಗೆಳೆಯುವ ಬಿಳಿ ಡೆವಲಪರ್ ಹಚ್ಚಿ, ಅದು ಒಣಗಿದ ಮೇಲೆ ಮೂಲೆಯಲ್ಲಿ ಕೂದಲೆಳೆಯಷ್ಟು ಕೆಂಪು ಗೆರೆ ಕಂಡರೂ ಆ ಶಾಫ್ಟನ್ನು ಮತ್ತೆ ಜೋಡಿಸಬೇಡಿ.